ರೊಟ್ಟಿಯ ಸದ್ದಿರುವ ಪ್ರತಿ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಸೀರೆ ಉಡಿಸಿ ಕುರ್ಚಿಯಲ್ಲಿ ಕೂಡಿಸಿದೆ. ನೀರಿನ ಕ್ಯಾನ್ ತಂದವನಿಗೆ ಬಾಗಿಲು ತೆಗೆದೆ. ಬಾಲ್ಕನಿಯ ಹಗ್ಗದ ಮೇಲಿದ್ದ ನಿನ್ನೆಯ ಬಟ್ಟೆ ಮಡಚಿದೆ. ಪುಂಡಿಸೊಪ್ಪು ಬಿಡಿಸಿ ತೊಳೆದು ಕುದಿಯಲಿಟ್ಟೆ, ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ, ಜೋಳದ ಹಿಟ್ಟು ಸಾಣಿಸಿ ಪರಾತದಲ್ಲಿ ಮುಚ್ಚಿಟ್ಟೆ. ಇಷ್ಟಾದ ಮೇಲೆ ವಿ.ಸಿ.ಆರ್. ಮೇಲಿನ ಕಸೂತಿ ಬಟ್ಟೆ ತೆಗೆದು, ಸ್ಕ್ರೂ ಬಿಚ್ಚಿ, ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಹಚ್ಚಿ ಅದರ ಹೆಡ್ ಒರೆಸಿದೆ. ಕ್ಯಾಸೆಟ್ಟನ್ನು ಕೊನೆಯವರೆಗೆ ಓಡಿಸಿ ಮತ್ತೆ ಮೊದಲಿಗೆ ಸುತ್ತಿದೆ. ಬಹಳ ದಿನ ಸುಮ್ಮನಿದ್ದ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹೀಗೊಮ್ಮೆ ಗಾಳಿಯಾಡಿಸದೆ ಹಚ್ಚಿದರೆ ಚಿತ್ರ ಕುಣಿಯುತ್ತದೆ. ಇಷ್ಟೆಲ್ಲ ಯಾಕೆಂದರೆ, ಮಾದಾಪುರದಲ್ಲಿರುವ ನನ್ನ ತಮ್ಮ ಮಲ್ಲು ನಿನ್ನೆ ಫೋನ್ ಮಾಡಿದ್ದ.

“ಅಕ್ಕಾ, ನಮ್ಮನೀ ಪಿಚ್ಚರಿಂದು ಹೊಸಾ ಡಿಸ್ಕ್ ಬಂದೈತಿ. ಪೂರಾ ತೊಳದು ಸ್ವಚ್ಛ ಮಾಡ್ಯಾರ, ಕನ್ನಡಿ ಕಂಡಂಗ ಕಾಣಸ್ತೈತಿ. ನಾಳೆ ಪ್ಲೇಯರ್ ಸಮೇತ ತರ್ತೀನಿ. ಆ ನಿನ್ನ ಹಳೇ ಡಬ್ಬಿ, ಕ್ಯಾಸೆಟ್ಟು ಎಲ್ಲಾ ಗಂಟ ಕಟ್ಟಿಡು. ಹೋಗೋ ಮುಂದ ಗಾಡಿಯೊಳಗ ಹಾಕ್ಕೊಂಡು ಹೋಗಿ ಗುಜರಿಗೆ ಕೊಡ್ತೀನಿ.”

“ನೀ ಬಾ ಮದಲ,” ಎಂದೆ. ಗಂಟು ಕಟ್ಟಲಿಲ್ಲ.

ನಮ್ಮನೀ ಪಿಚ್ಚರ್ ಎಂದರೆ ನಾವು ತೆಗೆದ ಪಿಚ್ಚರ್ ಅಲ್ಲ. ನಾವು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ ಯಾರೋ ಬಂದು ತೆಗೆದದ್ದು. ಹಿಮಾಯತ್‌ನಗರದ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಓಣಿ, ಓಣಿಯ ತುದಿಗೆ ಕಮಾನಿನ ಬಾಗಿಲು, ಒಳಗೆ ಶಾಬಾದಿ ಕಲ್ಲು ಹಾಸಿದ ಅಂಗಳ, ಮಧ್ಯೆ ಬೇವಿನ ಮರ. ಎದುರಿಗೆ ಮಾಲೀಕರ ಮನೆ, ಎಡಗಡೆ ನಮ್ಮವು ಎರಡು ಕೋಣೆ. ಒಂದರಲ್ಲಿ ಮಲಗುವುದು, ಓದುವುದು, ಬಂದವರನ್ನು ಕೂಡಿಸುವುದು, ಜ್ವರ ಬಂದವರನ್ನು ಮಲಗಿಸುವುದು. ಇನ್ನೊಂದು ಅಡಿಗೆಮನೆ, ಅದಕ್ಕೆ ಬಾಗಿಲವಾಡ ಇತ್ತು, ಬಾಗಿಲು ಇರಲಿಲ್ಲ. ಅವ್ವ ಒಳಗೆ ಕೂತು ಏನು ಮಾಡಿದರೂ ಇಡೀ ಅಂಗಳಕ್ಕೆ ಕೇಳುತ್ತಿತ್ತು. ಪ್ರತಿ ಯುಗಾದಿಗೆ ಅವ್ವ ಸುಣ್ಣದಲ್ಲಿ ನೀಲಿ ಕಲಸಿ ಗೋಡೆಗೆ ತಾನೇ ಬಳಿಯುತ್ತಿದ್ದಳು. ಕೈಯಂದಾಜಿನ ನೀಲಿ, ಒಂದು ವರ್ಷ ಆಕಾಶ, ಒಂದು ವರ್ಷ ನವಿಲು. ಆ ಮನೆ ಈಗಿಲ್ಲ. ಅಲ್ಲೊಂದು ಕಟ್ಟಡ ಎದ್ದಿದೆ, ಕೆಳಗೆ ಸೀರೆ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು. ಆ ಮನೆಯದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಫೋಟೋ ಬೇಕೆಂದರೆ ಸ್ಟುಡಿಯೋಕ್ಕೆ ಹೋಗಿ ತಾಜ್‌ಮಹಲ್ ಬರೆದ ಪರದೆಯ ಮುಂದೆ ನಿಲ್ಲುವ ಕಾಲ ಅದು. ಇದ್ದ ಮನೆಯ ಫೋಟೋ ಯಾರು ತೆಗೆಸುತ್ತಾರೆ? ಆದ್ದರಿಂದ ನಾನು ಹುಟ್ಟಿ ಬೆಳೆದ ಮನೆ ಇರುವುದು ಆ ಒಂದು ಸಿನಿಮಾದಲ್ಲಿ ಮಾತ್ರ. ಅದರ ಪ್ರತಿ ಯಾವುದು ಸರಿ, ಯಾವುದು ತಪ್ಪು ಎಂದು ನಾನು ಜಗಳಕ್ಕೆ ನಿಂತರೆ ಹವ್ಯಾಸಿಗಳ ಚರ್ಚೆ ಎಂದು ಯಾರೂ ನಗಬೇಡಿ. ನನ್ನ ಮನೆಯ ವಿಷಯ ನಾನು ಮಾತಾಡುತ್ತಿದ್ದೇನೆ.

ಅವ್ವ, ಅಪ್ಪ ಇಬ್ಬರೂ ಮಾನ್ವಿ ಕಡೆಯವರು. ಅಪ್ಪ ಸಿಕಂದರಾಬಾದಿನ ಒಂದು ಲಾರಿ ಕಚೇರಿಯಲ್ಲಿ ಗುಮಾಸ್ತ. ಹೊರಗಿನ ಭಾಷೆಗಳೆಲ್ಲ ಅಪ್ಪನ ಪಾಲು. ಅವ್ವನಿಗೆ ಮಾಲೀಕರ ಉರ್ದು, ತರಕಾರಿಯವಳ ತೆಲುಗು ಎಲ್ಲ ತಿಳಿಯುತ್ತಿತ್ತು, ಆದರೆ ಆಡುತ್ತಿರಲಿಲ್ಲ. ಆಕೆ ಕನ್ನಡದಲ್ಲಿ ಹೇಳಬೇಕು, ಅಪ್ಪ ಅದನ್ನು ದಾಟಿಸಬೇಕು. ಅಪ್ಪ ಸಂಭಾವಿತ ಮನುಷ್ಯ. ದಾಟಿಸುವಾಗ ಮಾತಿನ ಮುಳ್ಳೆಲ್ಲ ಕಿತ್ತು ಬಿಡುತ್ತಿದ್ದರು. ಒಮ್ಮೆ ಸೂರು ಸೋರಿದಾಗ ಅಂಗಳದಲ್ಲಿ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ.

“ಮಳಿ ಬಂದ್ರ ಛತ್ರಿ ಹಿಡ್ಕೊಂಡು ಒಗ್ಗರಣಿ ಹಾಕಬೇಕೇನು ಅಂತ ಕೇಳ್ರಿ ಅವರಿಗೆ,” ಎಂದಳು ಅವ್ವ.

“ಘರ್‌ವಾಲೀ ಬೋಲ್ ರಹೀ, ಮಕಾನ್ ಬಹುತ್ ಅಚ್ಛಾ ಹೈ ಸಾಬ್,” ಎಂದು ಅಪ್ಪ ಮಾಲೀಕರಿಗೆ ಹೇಳಿದರು. “ಫುರಸತ್ ಮೇ ಥೋಡಾ ಛತ್ ದೇಖ್ ಲೇನಾ.”

ಮನೆ ಬಹಳ ಚೆನ್ನಾಗಿದೆಯಂತೆ, ಬಿಡುವಾದಾಗ ಸ್ವಲ್ಪ ಸೂರು ನೋಡಬೇಕಂತೆ! ಮಾಲೀಕರು ಗಡ್ಡ ಸವರಿಕೊಂಡು ಸಂತೋಷದಿಂದ ಹೋದರು. ಸೂರು ಸೋರುತ್ತಲೇ ಇತ್ತು. ಒಳಗೆ ಬಂದ ಮೇಲೆ ಅವ್ವ ಅಪ್ಪನ ತಾಟಿಗೆ ಅನ್ನ ಬಡಿಸಿ, ಸಾರು ಹಾಕದೆ, “ಅಡಿಗಿ ಭಾಳ ಚಲೋ ಆಗೈತಿ, ಫುರಸತ್ತಿನ್ಯಾಗ ಸಾರು ನೋಡ್ರಿ,” ಎಂದಳು. ನಮ್ಮ ಮನೆಯ ಜಗಳಗಳು ಹೀಗಿರುತ್ತಿದ್ದವು. ದನಿ ಏರುತ್ತಿರಲಿಲ್ಲ, ತಾಟು ಒಣಗುತ್ತಿತ್ತು.

ಮಲ್ಲು ಆಗ ತೊಟ್ಟಿಲ ಕೂಸು. ಅಡಿಗೆಮನೆಯ ತೊಲೆಗೆ ಅವ್ವನ ಹಳೆಯ ಸೀರೆ ಕಟ್ಟಿ ಮಾಡಿದ ಜೋಳಿಗೆಯೇ ಅವನ ತೊಟ್ಟಿಲು. ಅವನಿಗೊಂದು ವಿಚಿತ್ರ ರೂಢಿಯಿತ್ತು. ಜೋಗುಳ ಬೇಡ, ತೂಗುವುದೂ ಬೇಡ. ಅವ್ವ ಕಲ್ಲಿನ ಮೇಲೆ ರೊಟ್ಟಿ ಬಡಿಯತೊಡಗಿದರೆ ಕಣ್ಣು ಮುಚ್ಚುತ್ತಿದ್ದ. ಸದ್ದು ಇರುವವರೆಗೆ ನಿದ್ದೆ. ಹಂಚಿಗೆ ರೊಟ್ಟಿ ಹಾಕಿ ತಿರುವುವಷ್ಟು ಹೊತ್ತಿನ ಬಿಡುವು ಅವನಿಗೆ ಗೊತ್ತಿತ್ತು, ಅದನ್ನು ಸಹಿಸುತ್ತಿದ್ದ. ಅದಕ್ಕಿಂತ ತುಸು ಹೆಚ್ಚು ಸುಮ್ಮನಾದರೆ ಸೂರು ಹಾರಿಹೋಗುವಂತೆ ಅಳುತ್ತಿದ್ದ. ಅವ್ವ ಹಿಟ್ಟಿನ ಉಂಡೆಗಳನ್ನು ಅವನ ನಿದ್ದೆಯ ಅಳತೆಗೆ ಮಾಡುತ್ತಿದ್ದಳು ಎಂದರೂ ಸುಳ್ಳಲ್ಲ.

ನನ್ನ ಬೇಸಿಗೆ ರಜೆಯಲ್ಲಿ ಸಿನಿಮಾದವರು ಬಂದರು. ಸಣ್ಣ ಹಿಂದಿ ಸಿನಿಮಾ. ಆಮೇಲೆ ಸ್ಟುಡಿಯೋದಲ್ಲಿ ದನಿ ಕೂಡಿಸುವ ಪದ್ಧತಿ ಬಿಟ್ಟು, ತೆಗೆಯುವ ಜಾಗದಲ್ಲೇ ಮಾತು, ಉಸಿರು, ಸದ್ದು ಎಲ್ಲ ಹಿಡಿಯುತ್ತೇವೆ ಎನ್ನುವ ಹಟದ ಜನ. ಹಾಗಾಗಿ ಅವರಿಗೆ ಮೌನ ಬೇಕಿತ್ತು. ಮಾಲೀಕರು ನಮ್ಮನ್ನು ಕೇಳದೆ ಒಪ್ಪಿಬಿಟ್ಟಿದ್ದರು. ಹಿಂದಿನ ದಿನ ಬಂದು ಹೇಳಿಹೋದರು.

“ಚಾರ್ ದಿನ್ ಕೀ ಬಾತ್ ಹೈ ಬೇಟೀ. ಶೂಟಿಂಗ್ ಕೇ ಟೈಮ್ ರೋಟಿ ನಕ್ಕೋ ಠೋಕೋ.”

ಶೂಟಿಂಗಿನ ಹೊತ್ತಿನಲ್ಲಿ ರೊಟ್ಟಿ ಬಡಿಯಬಾರದು. ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಪ್ಪ ಹಿಂದೆಯೇ ಹೋದರು.

“ನಾಕ ದಿನಾ ಅನ್ನಾ ಮಾಡಿದ್ರ ಏನಾತು? ಬೇಕಾದ್ರ ನಾ ಹೋಟೆಲಿಂದ ತರ್ತೀನಿ.”

“ನನ್ನ ಒಲಿ ಮುಂದ ನಾ ಯಾವಾಗ ಕೂಡಬೇಕು, ಯಾವಾಗ ಏಳಬೇಕು ಅನ್ನೋದು ಪಿಚ್ಚರಿನವರು ಹೇಳತಾರೇನು?”

“ಮಾಲೀಕರ ಮುಖಾ ನೋಡಬೇಕಲ್ಲ.”

“ನೀವು ನೋಡ್ರಿ. ನಾ ಹಂಚು ನೋಡತೀನಿ.”

ಮರುದಿನ ಬೇವಿನ ಮರದ ಕೆಳಗೆ ದೃಶ್ಯ. ಊರು ಬಿಟ್ಟು ಹೋಗುವ ಮಗ ತಾಯಿಗೆ ಏನೋ ಹೇಳಬೇಕು, ಬಾಯಿ ಬರುತ್ತಿಲ್ಲ. ತಾಯಿ ಧಾನ್ಯ ಹಸನು ಮಾಡುತ್ತ ಕೂತಿದ್ದಾಳೆ. ಮಾತು ಕಡಿಮೆ, ಸುಮ್ಮನಿರುವುದೇ ಹೆಚ್ಚು. ಎಲ್ಲರಿಗೂ ಸುಮ್ಮನಿರಲು ಹೇಳಿ ಕ್ಯಾಮೆರಾ ಶುರು ಮಾಡಿದರು. ಕಾಗೆ ಕೂಡ ಸುಮ್ಮನಾಯಿತು. ಆಗ ನಮ್ಮ ಅಡಿಗೆಮನೆಯಿಂದ ತಪ್, ತಪ್, ತಪ್. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಒಬ್ಬ ತೆಳ್ಳನೆಯ ಮನುಷ್ಯ ಬೆಂಕಿ ತಗಲಿದವನಂತೆ ಎದ್ದು ನಿಂತ. ಅವನನ್ನು ಎಲ್ಲರೂ ಸೌಂಡ್‌ಸಾಬ್ ಎನ್ನುತ್ತಿದ್ದರು. ಬಾಗಿಲವಾಡದ ಹತ್ತಿರ ಬಂದು, ಕೈಮುಗಿದು, ಬಹಳ ಮರ್ಯಾದೆಯಿಂದ ಎರಡು ನಿಮಿಷ ನಿಲ್ಲಿಸುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ಅವ್ವ ಕೈ ನಿಲ್ಲಿಸದೆ ಅಪ್ಪನಿಗೆ ಹೇಳಿದಳು.

“ಹಂಚು ಕಾದೈತಿ. ಹಿಟ್ಟು ನಾದೇನಿ. ಕೂಸು ಮಲಗೇತಿ, ಈ ಸದ್ದು ನಿಂತ್ರ ಏಳತೈತಿ. ಇದು ನನ್ನ ಮನಿ, ನಿಲ್ಲಸಂಗಿಲ್ಲ ಅಂತ ಹೇಳ್ರಿ.”

“ಬೋಲ್ ರಹೀ, ಅಭೀ ಹೋ ಜಾತಾ ಸಾಬ್,” ಎಂದರು ಅಪ್ಪ. ಈಗ ಮುಗಿದುಬಿಡುತ್ತದಂತೆ!

ಅವ್ವ ಅಪ್ಪನ ಕಡೆ ನೋಡಲೇ ಇಲ್ಲ. ಮೂಲೆಯಲ್ಲಿ ಶೇಂಗಾ ತಿನ್ನುತ್ತ ಕೂತಿದ್ದ ನನ್ನನ್ನು ಕರೆದಳು.

“ಸರೂ, ಬಾ ಇಲ್ಲೆ. ಸಾಲ್ಯಾಗ ಹಿಂದಿ ಕಲಸ್ತಾರಲ್ಲ? ನಾ ಅಂದದ್ದು ಅಂದಂಗ ಹೇಳು. ಒಂದ ಮಾತೂ ತೊಳೀಬ್ಯಾಡ.”

ಬಾಯಲ್ಲಿದ್ದ ಶೇಂಗಾ ನುಂಗಿ ನಾನು ಹೇಳಿದೆ. ಹಂಚು, ಹಿಟ್ಟು, ಕೂಸು, ಮನೆ ನಮ್ಮದು, ನಿಲ್ಲಿಸುವುದಿಲ್ಲ. ಅವ್ವ ಎಲ್ಲೆಲ್ಲಿ ತಡೆದಳೋ ಅಲ್ಲಲ್ಲೇ ತಡೆದು, ಎಲ್ಲಿ ಗದರಿದಳೋ ಅಲ್ಲೇ ಗದರಿ. ಅಪ್ಪ ನನ್ನ ಭುಜ ಹಿಂಡಿದರು. ಸೌಂಡ್‌ಸಾಬನ ಮುಖ ಕೆಂಪಾಯಿತು. ಅಂಗಳದಲ್ಲಿ ಯಾರೋ ನಕ್ಕರು. ಒಂದು ಸಲ, ಒಂದೇ ಸಲ ಎಂದು ಅವನು ಬೇಡಿಕೊಂಡ. ಅವ್ವ ಕೈ ತೊಳೆದುಕೊಂಡು, ಮಡಿಲಲ್ಲಿ ಇಟ್ಟುಕೊಂಡು, ಗೋಡೆಗೆ ಒರಗಿ ಕೂತಳು. “ಆತು, ನೋಡ್ಲಿ,” ಎಂದಳು.

ಮತ್ತೆ ಕ್ಯಾಮೆರಾ ಓಡಿತು. ಮಗನಾದ ನಟ ತುಟಿ ಕಚ್ಚಿದ. ತಾಯಿಯಾದ ನಟಿಯ ಕೈಯಲ್ಲಿದ್ದ ಕಾಳು ನಿಧಾನ ಜಾರಿತು. ಇಡೀ ಅಂಗಳ ಉಸಿರು ಹಿಡಿಯಿತು. ರೊಟ್ಟಿ ತಿರುವುವಷ್ಟು ಹೊತ್ತು ದಾಟಿತು. ಆಗ ನಮ್ಮ ಮಲ್ಲು ಜೋಳಿಗೆಯಲ್ಲಿ ಕಾಲು ಝಾಡಿಸಿ ಶುರು ಮಾಡಿದ ನೋಡಿ! ನಿರ್ದೇಶಕ ತಲೆಯ ಟೋಪಿ ತೆಗೆದು ಕಲ್ಲಿಗೆ ಒಗೆದ. ಸೌಂಡ್‌ಸಾಬ್ ಹೆಡ್‌ಫೋನ್ ಕಿತ್ತು ಓಡಿ ಬಂದ.

“ಅಮ್ಮಾಜಿ, ಪೀಟಿಯೇ, ಪೀಟಿಯೇ!”

ಬಡಿಯಿರಿ ಎಂಬುದನ್ನು ಯಾರೂ ಕನ್ನಡಕ್ಕೆ ದಾಟಿಸಬೇಕಾಗಲಿಲ್ಲ. ಅವ್ವ ಅವಸರ ಮಾಡಲಿಲ್ಲ. ಒಣ ಹಿಟ್ಟು ಉದುರಿಸಿಕೊಂಡಳು, ಉಂಡೆ ಹಿಡಿದಳು, ಅಂಚು ತಟ್ಟಿ ದುಂಡು ಮಾಡಿದಳು, ಆಮೇಲೆ ಬಡಿದಳು. ಮಲ್ಲು ಮಲಗಿದ. ರೊಟ್ಟಿಯ ಸದ್ದಿನ ಸಮೇತ ದೃಶ್ಯ ತೆಗೆದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ದೃಶ್ಯವನ್ನು ಅವರು ಈ ಕಡೆಯಿಂದ, ಆ ಕಡೆಯಿಂದ, ಮುಖದ ಹತ್ತಿರದಿಂದ ಮತ್ತೆ ಮತ್ತೆ ತೆಗೆಯಬೇಕು. ಒಂದು ತುಣುಕಿನಲ್ಲಿ ರೊಟ್ಟಿಯ ಸದ್ದು ಇದ್ದರೆ ಎಲ್ಲದರಲ್ಲೂ ಇರಬೇಕು, ಇಲ್ಲದಿದ್ದರೆ ಜೋಡಿಸಿದಾಗ ಕಿವಿಗೆ ಎಡವಿದಂತಾಗುತ್ತದೆ. ಅಷ್ಟರಲ್ಲಿ ನಮ್ಮ ಹಿಟ್ಟು ಮುಗಿದಿತ್ತು. ಸುಮ್ಮನೆ ಕಲ್ಲು ಬಡಿಯಿರಿ ಎಂದ ಸೌಂಡ್‌ಸಾಬ್. ಅವ್ವ ನನ್ನ ಕಡೆ ನೋಡಿದಳು. ನಾನು ಆಗಲೇ ಎದ್ದು ನಿಂತಿದ್ದೆ.

“ಬರೇ ಕಲ್ಲು ಬಡ್ಯಾಕ ನನಗೇನು ಹುಚ್ಚೇನು ಅಂತ ಕೇಳು. ಹಿಟ್ಟು ತರಸ್ರಿ, ಬಡೀತೀನಿ. ಬಡದದ್ದು ಎಲ್ಲಾರೂ ಕೂತು ತಿನ್ನಬೇಕು. ಚೆಲ್ಲೋಕ ಮಾಡಂಗಿಲ್ಲ.”

ಒಂದು ಮಾತೂ ತೊಳೆಯದೆ ಹೇಳಿದೆ. ಮಾಲೀಕರ ಸೈಕಲ್ ಮೇಲೆ ಯಾರನ್ನೋ ಅಟ್ಟಿ ಜೋಳದ ಹಿಟ್ಟು ತರಿಸಿದರು. ಮಧ್ಯಾಹ್ನ ಇಳಿಯುವವರೆಗೆ ಅವ್ವ ಬಡಿದಳು. ಕ್ಯಾಮೆರಾ ನಿಂತಾಗಲೆಲ್ಲ ಬೇಯಿಸಿದಳು. ಸಂಜೆಗೆ ಮುಂಚೆ ಆ ಅಂಗಳದಲ್ಲಿ ನಟರು, ಲೈಟಿನವರು, ಸೌಂಡ್‌ಸಾಬ್ ಎಲ್ಲ ಸಾಲಾಗಿ ಕೂತು ಬಿಸಿರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ತಿಂದರು. ‘ನಕ್ಕೋ’ ಎಂದಿದ್ದ ಮಾಲೀಕರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ನಾನು ಯಾಕೆ ಹೀಗಾದೆ, ಇಷ್ಟು ಹಟಮಾರಿ ಯಾಕೆ ಎಂದು ಕೇಳುವವರಿಗೆ ನಾನು ಆ ಮಧ್ಯಾಹ್ನವನ್ನೇ ತೋರಿಸುತ್ತೇನೆ. ಅಂದದ್ದನ್ನು ಅಂದ ಹಾಗೆ ದಾಟಿಸುವ ಕೆಲಸ ನನಗೆ ಅಂದು ಬಂತು, ಇಂದಿಗೂ ಬಿಟ್ಟಿಲ್ಲ.

ಸಿನಿಮಾ ಬಂದು ಹೋದದ್ದು ನಮಗೆ ಗೊತ್ತಾಗಲಿಲ್ಲ. ಒಂದೆರಡು ವರ್ಷಗಳ ಮೇಲೆ ಅದರ ಕ್ಯಾಸೆಟ್ ಸಿಕಂದರಾಬಾದಿನ ಅಂಗಡಿಯೊಂದರಲ್ಲಿ ಅಪ್ಪನ ಕಣ್ಣಿಗೆ ಬಿತ್ತು. ಬಾಡಿಗೆ ವಿ.ಸಿ.ಆರ್. ಅನ್ನು ಹಸುಗೂಸಿನಂತೆ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿ ತಂದರು. ಟಿ.ವಿ. ಮಾಲೀಕರದು; ಅವರ ಪಡಸಾಲೆಯಲ್ಲಿ ಎಲ್ಲರೂ ನೆರೆದೆವು. ಚಿತ್ರ ಹೇಗಿತ್ತು ಎಂದರೆ, ನಟಿಯ ಕೆಂಪು ಸೀರೆ ಅಂಚು ದಾಟಿ ಪಕ್ಕದ ಮರಕ್ಕೆ ಹರಿದಿತ್ತು, ಪರದೆಯ ಕೆಳಗೆ ಒಂದು ಬಿಳಿ ಗೆರೆ ಹುಳುವಿನಂತೆ ಹೊರಳುತ್ತಿತ್ತು. ಅಗಲದ ಸಿನಿಮಾವನ್ನು ಚೌಕ ಟಿ.ವಿ.ಗೆ ಹೊಂದಿಸಲು ಎರಡೂ ಬದಿ ಕತ್ತರಿಸಿದ್ದರು. ಮಧ್ಯದ ಮರ, ತಾಯಿ, ಮಗ ಉಳಿದರು. ಎಡತುದಿಯಲ್ಲಿದ್ದ ನಮ್ಮ ಅಡಿಗೆಮನೆ ಕತ್ತರಿಗೆ ಹೋಯಿತು. “ನಮ್ಮ ಬಾಗಲಾ ಎಲ್ಲಿ?” ಎಂದು ನಾನು ಕೂಗುವಷ್ಟರಲ್ಲಿ ಸದ್ದು ಬಂತು. ತಪ್, ತಪ್, ತಪ್. ದಪ್ಪ, ಬೆಚ್ಚನೆಯ, ಕಲ್ಲಿನ ಮೇಲೆ ಹಸಿ ಹಿಟ್ಟು ಬಿದ್ದ ಸದ್ದು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲ ನೋಡಿದಳು. ಅಪ್ಪ ಎದ್ದರು. ಮುಜುಗರಕ್ಕೆ ಹೊರಗೆ ಹೋಗುತ್ತಾರೆ ಅಂದುಕೊಂಡೆ. ಅವರು ಟಿ.ವಿ. ಹತ್ತಿರ ಹೋಗಿ ವಾಲ್ಯೂಮ್ ಏರಿಸಿದರು. ಆಮೇಲೆ ಆ ಕ್ಯಾಸೆಟ್ಟನ್ನೇ ಕೊಂಡರು, ಬೋನಸ್ ಬಂದ ವರ್ಷ ವಿ.ಸಿ.ಆರ್. ಕೊಂಡರು. ಮನೆಗೆ ಯಾರೇ ಬರಲಿ, ಚಹಾ ಆಗುತ್ತಿದ್ದ ಹಾಗೆ ಆ ಜಾಗಕ್ಕೆ ಓಡಿಸಿ, “ಕೇಳ್ರಿ, ಇದು ನಮ್ಮನಿಯಾಕಿ,” ಎನ್ನುತ್ತಿದ್ದರು. ನೋಡ್ರಿ ಎಂದವರಲ್ಲ, ಕೇಳ್ರಿ ಎಂದವರು. ಅಪ್ಪ ತೀರಿಕೊಂಡು ವರ್ಷಗಳಾದವು. ಟೇಪಿನಲ್ಲಿ ಆ ಜಾಗ ಸವೆದು ಚಿತ್ರ ಮಸುಕಾಗಿರುವುದು ಅವರಿಂದಲೇ.

ಮುಂದೆ ವಿ.ಸಿ.ಡಿ. ಬಂತು, ಕೋಠಿಯ ಫುಟ್‌ಪಾತಿನಿಂದ ತಂದೆವು. ಅದರಲ್ಲಿ ಯಾರಾದರೂ ಅಲುಗಾಡಿದರೆ ಮುಖ ಒಡೆದು ಚೌಕ ಚೌಕ ಬಿಲ್ಲೆಗಳಾಗುತ್ತಿತ್ತು. ಬೇವಿನ ಎಲೆಗಳಂತೂ ಹಸಿರು ಉಪ್ಪಿಟ್ಟು. ರೊಟ್ಟಿಯ ಸದ್ದು ಯಾರೋ ತಗಡಿನ ಡಬ್ಬಿ ಕುಟ್ಟಿದಂತಿತ್ತು. ಅವ್ವ ಒಂದು ಸಲ ಕೇಳಿ, “ಇಷ್ಟ ತೆಳ್ಳಗ ಬಡದ್ರ ಹರದು ಹೋಗತೈತಿ,” ಎಂದು ಎದ್ದು ಹೋದಳು. ಆಮೇಲೆ ಡಿ.ವಿ.ಡಿ. ಬಂತು, ಬದಿಗಳಿಗೆ ಅದೇ ಕತ್ತರಿ. ಅದರಲ್ಲಿ ಅಂಚುಗಳು ಚೂಪು, ಸದ್ದು ಪರವಾಗಿಲ್ಲ, ಆದರೆ ಇಡೀ ಸಿನಿಮಾಕ್ಕೆ ಅರಿಸಿನ ಎರಚಿದಂತೆ ಹಳದಿ. ಅವ್ವನ ನೀಲಿ ಗೋಡೆ ಅದರಲ್ಲಿ ಮಾವಿನಹಣ್ಣು. ಆ ಮನೆಯನ್ನು ಕಣ್ಣಾರೆ ನೆನಪಿಡುವ ವಯಸ್ಸಿಗೆ ಮುಂಚೆಯೇ ಬಿಟ್ಟು ಬಂದ ಮಲ್ಲುಗೆ ಡಿ.ವಿ.ಡಿ. ಹೇಳಿದ್ದೇ ಸತ್ಯವಾಯಿತು. ಮಾದಾಪುರದಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ಅವ್ವನಿಗೆ ಅಚ್ಚರಿ ಮಾಡಬೇಕೆಂದು, ಪೇಂಟರನಿಗೆ ಟಿ.ವಿ. ತೋರಿಸಿ, ಹಾಲಿಗೆ ಥೇಟ್ ಅದೇ ಬಣ್ಣ ಹೊಡೆಸಿದ. ಗೃಹಪ್ರವೇಶದ ದಿನ ಅವ್ವ ಹೊಸ್ತಿಲ ಮೇಲೆ ನಿಂತು ಸುತ್ತ ನೋಡಿದಳು.

“ಅವ್ವಾ, ನಮ್ಮ ಹಳೇ ಮನೀ ಬಣ್ಣಾ!” ಎಂದ ಮಲ್ಲು.

“ಯಾರ ಮನೀದಪಾ?” ಎಂದಳು ಅವ್ವ.

ಇಂದು ಆ ಮಲ್ಲುವೇ ಹೊಸ ಡಿಸ್ಕ್ ಹಿಡಿದು ಬಂದ. ಬಂದವನೇ ಚಪ್ಪಲಿ ಬಿಡುವ ಮೊದಲು ವಿ.ಸಿ.ಆರ್. ಕಡೆ ನೋಡಿ, “ಗಂಟ ಕಟ್ಟಿಲ್ಲೇನಕ್ಕಾ?” ಎಂದ. ನೀರು ಕೊಟ್ಟೆ. ಪ್ಲೇಯರ್ ಜೋಡಿಸಿ, ಅವ್ವನ ಕುರ್ಚಿಯನ್ನು ಟಿ.ವಿ. ಎದುರಿಗೆ ಎಳೆದು ಹಚ್ಚಿದ. ನಾನು ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಆದರೆ ಬೇವಿನ ಮರದ ದೃಶ್ಯ ಬರುತ್ತಿದ್ದ ಹಾಗೆ ಎದ್ದು ಟಿ.ವಿ. ಹತ್ತಿರ ಹೋದೆ. ಗೋಡೆ ನೀಲಿ. ನವಿಲಿನ ವರ್ಷದ ನೀಲಿ. ಕುಂಚದ ಗೆರೆ ಎಲ್ಲಿ ಏರಿ ಎಲ್ಲಿ ಇಳಿದಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಚಿತ್ರ ಅಗಲವಾಗಿತ್ತು, ಕತ್ತರಿ ಬಿದ್ದಿರಲಿಲ್ಲ. ಎಡತುದಿಯಲ್ಲಿ ನಮ್ಮ ಬಾಗಿಲವಾಡ. ಅದರ ಒಳಗಿನ ಕತ್ತಲಲ್ಲಿ, ಇಷ್ಟು ವರ್ಷ ಯಾವ ಪ್ರತಿಯಲ್ಲೂ ಕಾಣದಿದ್ದದ್ದು, ಹಸಿರು ಬಳೆಯ ಒಂದು ಕೈ. ಏಳುತ್ತಿತ್ತು, ಬೀಳುತ್ತಿತ್ತು.

“ಅವ್ವಾ, ನಿನ್ನ ಕೈ!” ಎಂದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಕೈ ಬೀಳುತ್ತಿತ್ತು, ಸದ್ದಿರಲಿಲ್ಲ. ಸದ್ದಿನ ಜಾಗದಲ್ಲಿ ಮೆಲ್ಲಗೆ ಪಿಟೀಲು. ಅದರ ಹಿಂದೆ ಕೋಗಿಲೆ. ನಮ್ಮ ಆ ಮರದಲ್ಲಿ ಕಾಗೆ ಬಿಟ್ಟರೆ ಇನ್ನೊಂದು ಹಕ್ಕಿ ಕೂತದ್ದನ್ನು ನಾನು ಕಂಡಿಲ್ಲ. ಹಳೆಯ ದನಿಪಟ್ಟಿಯಲ್ಲಿ ಕುಟ್ಟಿದಂಥ ಗದ್ದಲ ಇತ್ತು, ಅದನ್ನು ತೆಗೆದು ಎಲ್ಲ ದಿಕ್ಕಿನಿಂದ ಕೇಳುವ ಹೊಸ ಸದ್ದು ಹಾಕಿದ್ದಾರೆ ಎಂದು ಮಲ್ಲು ಹೆಮ್ಮೆಯಿಂದ ವಿವರಿಸಿದ.

“ಅದು ಗದ್ದಲಲ್ಲೋ,” ಎಂದೆ. “ಬೇಡಿಕೊಂಡು, ಹಿಟ್ಟು ತರಿಸಿಕೊಟ್ಟು ಬಡಸಿದ್ದು.”

“ಆದ್ರ ಎಷ್ಟು ಸಾಫ್ ಕೇಳಸ್ತೈತಿ ನೋಡು. ಟೇಪಿನ್ಯಾಗ ಬರೇ ಸುಂಯ್ ಅಂತೈತಿ. ಇದೊಂದರಾಗ ಎಲ್ಲಾ ಐತಿ ಅಕ್ಕಾ, ಆ ಡಬ್ಬಿ ಯಾಕ ಬೇಕು ಇನ್ನ?”

ಎಲ್ಲಾ ಐತಿ! ನಾನು ಅವ್ವನ ಮುಖ ನೋಡಿದೆ. ಅವಳು ಹೂಂ ಎಂದುಬಿಟ್ಟರೆ ಮುಗಿಯಿತು. ಡಬ್ಬಿ ಗಾಡಿ ಹತ್ತುತ್ತದೆ, 'ನಿಲ್ಲಸಂಗಿಲ್ಲ' ಎಂದ ಅವ್ವ ಎಲ್ಲೂ ಉಳಿಯುವುದಿಲ್ಲ. ಅವ್ವ ಆ ಮೂಕ ಕೈಯ ಕಡೆ ಬೆರಳು ಮಾಡಿದಳು.

“ಮಲ್ಲೂ, ಕೈ ನಂದೈತಿ,” ಎಂದಳು. “ಆದ್ರ ಹಿಂಗ ಸದ್ದಿಲ್ಲದ ನಾ ಯಾವತ್ತೂ ಬಡದಿಲ್ಲ. ಇದು ನಿಮ್ಮಪ್ಪ ಹೇಳಿದಂಗ ಆತು.”

ನನಗೆ ನಗು, ಅಳು ಎರಡೂ ಬಂತು. ಮಲ್ಲುಗೆ ಅರ್ಥವಾಗಲಿಲ್ಲ, ಹೇಳಿದೆ. ಹಂಚಿನಿಂದ ಹಿಡಿದು ಸೌಂಡ್‌ಸಾಬನ ಮುಗಿದ ಕೈಯವರೆಗೆ, ಜೋಳಿಗೆಯಲ್ಲಿದ್ದ ಮಲ್ಲುವಿನ ಅಳುವಿನ ಸಮೇತ. ಅವನು ಆ ಕತೆ ಕೇಳಿದ್ದ, ಆದರೆ ಅಪ್ಪನ ಬಾಯಿಂದ. ಅದರಲ್ಲಿ ಜಗಳವೇ ಇರಲಿಲ್ಲವಂತೆ, ಸಿನಿಮಾದವರೇ ಬಂದು ಪ್ರೀತಿಯಿಂದ ರೊಟ್ಟಿ ಕೇಳಿದ್ದರಂತೆ! ಕೇಳಿ ಮುಗಿದ ಮೇಲೆ ಅವನು ತಲೆ ಕೆರೆದುಕೊಂಡು ಎದ್ದ. ಎದ್ದವನೇ ಕೋಣೆಯಿಂದ ಹಳೆಯ ಡಬ್ಬಿ ಟಿ.ವಿ.ಯನ್ನು ತಬ್ಬಿಕೊಂಡು ತಂದ. ಅದನ್ನು ವಿ.ಸಿ.ಆರ್.ಗೆ ಜೋಡಿಸಿ, ಮಸುಕು ಚಿತ್ರ ಕಾಣದಂತೆ ಅದರ ಮುಖವನ್ನು ಗೋಡೆಗೆ ತಿರುಗಿಸಿದೆವು. ಹೊಸ ಟಿ.ವಿ.ಯ ದನಿ ತೆಗೆದೆವು. ಚಿತ್ರ ಡಿಸ್ಕಿನದು, ಸದ್ದು ಟೇಪಿನದು. ಒಟ್ಟಿಗೆ ಗುಂಡಿ ಒತ್ತಿದೆವು.

ಅಷ್ಟು ಸುಲಭವಾಗಿ ಹೊಂದಲಿಲ್ಲ. ಟೇಪು ಮಾಡುವಾಗ ಟಿ.ವಿ.ಯ ಲೆಕ್ಕಕ್ಕೆ ಹೊಂದಲೆಂದು ಸಿನಿಮಾವನ್ನು ಒಂದಿಷ್ಟು ಬೇಗ ಓಡಿಸಿರುತ್ತಾರೆ; ಹೊಸ ಡಿಸ್ಕ್ ಅದರ ಸಹಜ ನಡಿಗೆಯಲ್ಲಿ ಹೋಗುತ್ತದೆ. ಶುರುವಿನಲ್ಲಿ ಕೂಡಿದ್ದು ನೋಡನೋಡುತ್ತ ಬೇರೆಯಾಗುತ್ತಿತ್ತು. ಸದ್ದು ಮುಂದೆ ಮುಂದೆ, ಕೈ ಹಿಂದೆ ಹಿಂದೆ. ಮಲ್ಲು ಟೇಪನ್ನು ತಡೆಯುವುದು, ಬಿಡುವುದು ಮಾಡಿ ಬೆವರಿದ. ಆಗ ಅವ್ವ ಕುರ್ಚಿಯಿಂದಲೇ ಅಧಿಕಾರ ತೆಗೆದುಕೊಂಡಳು.

“ತಡಿ. ಈಗ ಉಂಡಿ ಹಿಡ್ಯಾಕತ್ತೀನಿ. ತಡಿ... ಅಂಚು ತಟ್ಟತೀನಿ... ಹಾಂ, ಬಿಡು!”

ತಪ್, ತಪ್, ತಪ್. ಹಸಿರು ಬಳೆಯ ಕೈ ಬಿತ್ತು, ಸದ್ದು ಅಲ್ಲೇ ಬಿತ್ತು. ನೀಲಿ ಗೋಡೆ, ಕಾಗೆಯ ಮರ, ಆ ಬಾಗಿಲವಾಡ. ಮಲ್ಲು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತ. ಅವನು ತನ್ನ ತೊಟ್ಟಿಲ ಮನೆಯನ್ನು ಮೊದಲ ಸಲ ನೋಡುತ್ತಿದ್ದ.

“ನನ್ನ ಜೋಳಿಗಿ ಎಲ್ಲಿತ್ತವ್ವಾ?” ಎಂದು ಕೇಳಿದ.

“ಆ ಕೈ ಹಿಂದ. ಕತ್ತಲಾಗ ಅದಿ ನೋಡು ನೀನೂ.”

ಹೊಸ ಡಿಸ್ಕ್ ಮಾಡಿದವರಿಗೆ ನಾನು ಕೃತಜ್ಞಳು. ಆ ಕೈ ಕೊಟ್ಟದ್ದು ಅವರು. ಆದರೆ ಅದರ ಸದ್ದನ್ನು ತೊಳೆದುಬಿಟ್ಟು ಇದೇ ಪೂರ್ಣ ಎಂದರೆ ನಾನು ಒಪ್ಪುವುದಿಲ್ಲ. ಯಾರ ಕಿವಿಗೆ ಅದು ಗದ್ದಲ? ಯಾರೋ ಮಾಡಿ ಮುಂದೆ ತಂದಿಟ್ಟ ಅನ್ನವನ್ನಷ್ಟೇ ಕಂಡವರ ಕಿವಿಗೆ ಇರಬೇಕು. ಸವೆದ ಟೇಪು ನನ್ನ ಮನೆಯಲ್ಲೇ ಇರುತ್ತದೆ, ವಿ.ಸಿ.ಆರ್. ಇರುತ್ತದೆ, ಬೆಲ್ಟ್ ಹರಿದರೆ ಹೊಸದು ಹುಡುಕುತ್ತೇನೆ. ಜಾಗ ಇಲ್ಲ ಎಂದರೆ ಬೇರೆ ಏನಾದರೂ ಹೊರಗೆ ಹೋಗಲಿ. ಮಲ್ಲು ಗುಜರಿಯ ಮಾತು ಮತ್ತೆ ಎತ್ತಲಿಲ್ಲ. ತನ್ನ ಫ್ಲ್ಯಾಟಿನ ಹಾಲಿಗೆ ನೀಲಿ ಹೊಡೆಸಿದರೆ ಹೇಗೆ ಎಂದ. “ಹೊಡಸು, ಸುಣ್ಣದಾಗ ನಾ ಕಲಸಿ ಕೊಡ್ತೀನಿ,” ಎಂದಳು ಅವ್ವ.

ಮಧ್ಯಾಹ್ನದ ಊಟಕ್ಕೆ ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಅವ್ವ ಒಂದು ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿಕೊಂಡು ಉಂಡಳು. ಮಲ್ಲು ಬೇಡ ಬೇಡ ಎನ್ನುತ್ತಲೇ ತಾಟು ಒಡ್ಡಿದ. ಸಂಜೆಗೆ ಅವನ ಮನೆಗೂ ಕಟ್ಟಿಕೊಡೋಣವೆಂದು ನಾನು ಉಳಿದ ಹಿಟ್ಟು ನಾದಿ ಮತ್ತೆ ಬಡಿಯಲು ಕೂತೆ. ಅವನು ಅಡಿಗೆಮನೆಯ ಹೊಸ್ತಿಲಾಚೆ ಚಾಪೆಯ ಮೇಲೆ ಸುಮ್ಮನೆ ಬೆನ್ನು ಚಾಚುತ್ತೇನೆ ಎಂದ. ಎರಡನೆಯ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಬಾಯಿ ತೆರೆದು ಗೊರಕೆ. ಮೊದಲು ಮಲಗಿದವನು ಅವನೇ. ಇಷ್ಟು ಹತ್ತಿರ ಕುಟ್ಟುತ್ತಿದ್ದರೆ ಎಚ್ಚರವಾದೀತೆಂದು ನಾನು ಕೈ ತಡೆದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಅವ್ವ, ಕಣ್ಣು ತೆರೆಯದೆ ಹೇಳಿದಳು.

“ನಿಲ್ಲಸಬ್ಯಾಡ ಸರೂ, ಬಡಿ. ಸದ್ದು ನಿಂತ್ರ ಏಳತಾನ.”